ಮೆತ್ತಗಿನ ನೀರು

ಆ ದಿನದ ರಾದ್ಧಾಂತಕ್ಕೆಲ್ಲ ಕಾರಣ ಒಂದು ಮೊಬೈಲ್ ಚಾರ್ಜರ್.

ಹಿಂದಿನ ಸಂಜೆ ಸೌನಾ ಎಂಬ ಹಬೆಮನೆಯಲ್ಲಿ ಬೆವರು ಸುರಿಸಿ ಹೊರಬಂದ ಪ್ರವಾಸಿಯೊಬ್ಬ ತನ್ನ ಫೋನಿಗೆ ಜಾಗ ಹುಡುಕಿದ. ಗೋಡೆಯಲ್ಲಿ ಒಂದೇ ಪ್ಲಗ್ಗಿತ್ತು. ಅದರಲ್ಲಿದ್ದುದನ್ನು ಕಿತ್ತು ತನ್ನದನ್ನು ಚುಚ್ಚಿದ. ಕಿತ್ತದ್ದು ಕೆರೆಯ ಪಂಪಿನ ವೈರು. ಕೆರೆಯ ಮೇಲಿನ ಮಂಜುಗಡ್ಡೆಯನ್ನು ಗರಗಸದಿಂದ ಕೊಯ್ದು ಮುಳುಗುವವರಿಗಾಗಿ ಮಾಡಿದ್ದ ಗುಂಡಿ ಮತ್ತೆ ಹೆಪ್ಪುಗಟ್ಟದಂತೆ ರಾತ್ರಿಯಿಡೀ ನೀರು ಕಲಕುತ್ತಿದ್ದ ಪಂಪು ಅದು.

ಆ ಗುಂಡಿಯ ಯಜಮಾನ ತೈಸ್ತೊ. ಕುತ್ತುಯಾರ್ವಿ ಎಂಬ ಆ ಹಿಮದೂರಿಗೆ ಚಳಿಗಾಲದ ರಜೆಗೆ ಬಂದವರು ವಾರವಿಡೀ ನಾಯಿಬಂಡಿ, ಸ್ಕೀ, ಹಿಮಸಾರಂಗದ ಸವಾರಿ ಎಂದೆಲ್ಲ ಮಾಡಿ, ಕೊನೆಯ ದಿನ ಸೌನಾದಲ್ಲಿ ಬೆಂದು ಗುಂಡಿಗೆ ಇಳಿಯಬೇಕು. ಅದು ಕಾರ್ಯಕ್ರಮದ ಕಿರೀಟ. ಸೌನಾಕ್ಕೆ ಬೆಂಕಿ ಹಾಕುವುದು, ಗುಂಡಿಯ ಏಣಿಗೆ ಅಂಟಿದ ಮಂಜು ಕೆರೆಯುವುದು ತೈಸ್ತೊನ ಕೆಲಸ. ಬಂದವರೆಲ್ಲ ಒಂದೇ ಪ್ರಶ್ನೆ ಕೇಳುತ್ತಿದ್ದರು: "ನೀವೂ ಇಳೀತೀರಾ?"

"ದಿನಾ ಬೆಳಿಗ್ಗೆ. ಮದುವೆ ಆದಾಗಿನಿಂದ ಒಂದು ದಿನಾನೂ ತಪ್ಪಿಸಿಲ್ಲ" ಎನ್ನುತ್ತಿದ್ದ.

ದಿನಾ ಬೆಳಿಗ್ಗೆ ಎಂಬುದು ನಿಜ. ಟವೆಲ್ಲು, ಲಾಟೀನು ಹಿಡಿದು ಹೋಗುತ್ತಿದ್ದುದೂ ನಿಜ. ಅಲ್ಲಿ ಗುಂಡಿಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು, ಒಂದು ಸೌಟು ನೀರು ಮೊಗೆದು ತಲೆಗೆ ಸವರಿಕೊಂಡು, ಕೂದಲು ಪೊರಕೆಯಂತೆ ಸೆಟೆದು ನಿಲ್ಲುವವರೆಗೆ ಕಾದು ಮನೆಗೆ ಬರುತ್ತಿದ್ದ. ಅವನ ಮೈಯಲ್ಲಿ ಆ ನೀರಿಗೆ ಇಳಿದದ್ದು ಎಡಗಾಲಿನ ಹೆಬ್ಬೆರಳೊಂದೇ, ಅದೂ ಒಂದೇ ಸಲ. ಆ ಬೆರಳು ತನ್ನನ್ನು ಇನ್ನೂ ಕ್ಷಮಿಸಿಲ್ಲ ಎಂದು ಅವನಿಗೆ ಅನ್ನಿಸುತ್ತಿತ್ತು.

ಇದೆಲ್ಲ ಮಾವನಿಂದ ಬಂದ ಕಷ್ಟ. ಹೆಂಡತಿ ಹಿಲ್ಕಳ ಅಪ್ಪ ನೀಲೊ ಆ ಸೀಮೆಗೇ ಹೆಸರಾದ ಮುಳುಗುಗಾರ. ಕೊನೆಗೆ ಆ ಗುಂಡಿಯ ಏಣಿಯ ಮೇಲೆಯೇ ಎದೆ ಹಿಡಿದುಕೊಂಡು ಪ್ರಾಣ ಬಿಟ್ಟ. ಊರವರು ಅದನ್ನು ಯುದ್ಧದಲ್ಲಿ ಮಡಿದವರ ಕತೆಯ ಹಾಗೆ ಹೇಳುತ್ತಿದ್ದರು. ಅಡುಗೆಮನೆಯ ಗೋಡೆಯಲ್ಲಿ ಅವನ ಫೋಟೋ: ಎದೆಮಟ್ಟ ನೀರಲ್ಲಿ ನಿಂತು, ಗಡ್ಡದಲ್ಲಿ ಮಂಜು ಕಟ್ಟಿ, ಹಲ್ಲು ಪೂರ್ತಿ ತೋರಿಸಿ ನಗುತ್ತಿದ್ದಾನೆ. ಹೆಣ್ಣು ಕೇಳಲು ಬಂದ ದಿನ ಆ ಫೋಟೋದ ಕೆಳಗೇ ತೈಸ್ತೊಗೆ ಕುರ್ಚಿ ಹಾಕಿದ್ದರು. ಬಡಕಲು ಹುಡುಗ ಇನ್ನೇನು ಹೇಳಿಯಾನು? "ನಾನೂ ಇಳೀತೀನಿ" ಅಂದುಬಿಟ್ಟ.

ಅಂದಿನಿಂದ ಪ್ರತಿ ಬೆಳಿಗ್ಗೆ ಹಿಲ್ಕ ಒಲೆಯ ಕಡೆ ಮುಖ ಮಾಡಿಕೊಂಡೇ ಕೇಳುವಳು: "ನೀರು ಹೇಗಿತ್ತು?"

"ಮೆತ್ತಗಿತ್ತು" ಅನ್ನುವನು.

ತನ್ನ ಸಂಸಾರ ನಿಂತಿರುವುದೇ ಆ ಒಂದು ಮಾತಿನ ಮೇಲೆ ಎಂದು ತೈಸ್ತೊ ನಂಬಿದ್ದ.

ಆ ಬೆಳಿಗ್ಗೆಯಂತೂ ಎಂಥ ಚಳಿ ಎಂದರೆ ಮನೆಯ ತೊಲೆಗಳು ಕೋವಿ ಹಾರಿಸಿದಂತೆ ಸಿಡಿಯುತ್ತಿದ್ದವು. ತೈಸ್ತೊ ಕೆರೆಯ ತನಕವೂ ಹೋಗಲಿಲ್ಲ. ಒಂದು ಲೋಟ ನೀರನ್ನು ಕೋಟಿನೊಳಗೆ ಅಡಗಿಸಿಕೊಂಡು ಸೌದೆ ಮನೆಗೆ ನುಗ್ಗಿ ತಲೆಗೆ ಸುರಿದುಕೊಂಡ. ಕೂದಲು ಸೆಟೆಯಿತು. ಒಳಗೆ ಬಂದ.

"ನೀರು ಹೇಗಿತ್ತು?"

"ಮೆತ್ತಗಿತ್ತು."

ಕಾಫಿ ಬಟ್ಟಲು ಕೈಗೆ ಬರುವಷ್ಟರಲ್ಲಿ ಪಕ್ಕದ ಮನೆಯ ರೌಹಜ್ಜಿ ಒಳಗೆ ಬಂದಳು. ಬಾಗಿಲು ತಟ್ಟುವ ಅಭ್ಯಾಸ ಅವಳಿಗಿಲ್ಲ. ಹಿಂದೆಯೇ ಹಿಮಸಾರಂಗ ಸಾಕುವ ಎಸ್ಕೊ. ಇಬ್ಬರ ಮುಖದಲ್ಲೂ ಸುದ್ದಿಯಿತ್ತು.

"ಅಲ್ವೋ ತೈಸ್ತೊ, ಇವತ್ತು ಇಳಿದ್ಯೇನೋ?"

"ಇಳೀದೆ ಇರ್ತೀನಾ ಅಜ್ಜಿ? ತಲೆ ನೋಡಿ."

"ತಲೆ ನೋಡ್ದೆ. ಗುಂಡೀನೂ ನೋಡ್ಕೊಂಡು ಬಂದೆ. ಗೇಣುದ್ದ ಗಟ್ಟಿಯಾಗಿ ಮುಚ್ಕೊಂಡಿದೆಯಲ್ಲೋ! ಹೆಂಗೆ ಇಳಿದೆ, ಮೀನಿನ ಹಂಗೆ ಕೆಳಗಿಂದ ಬಂದ್ಯಾ?"

ಎಸ್ಕೊ ಕಿಸಕ್ಕನೆ ನಕ್ಕ.

ಹಿಲ್ಕ ರೊಟ್ಟಿ ಕೊಯ್ಯುತ್ತಿದ್ದವಳು ಕತ್ತೆತ್ತದೆ ಹೇಳಿದಳು: "ಇವನು ಬಂದ್ಮೇಲೆ ಪಂಪು ನಿಂತಿರುತ್ತೆ ಅಜ್ಜಿ. ಕಾಫಿ ಆರ್ತಿದೆ, ಕುಡೀರಿ."

"ಅಷ್ಟು ಬೇಗ ಗೇಣುದ್ದ ಕಟ್ಟುತ್ತೇನೇ? ಅದೂ ಅಲ್ದೆ ರಾತ್ರಿ ಹೊಸ ಹಿಮ ಬಿದ್ದಿದೆ. ಕೆರೆ ದಾರೀಲಿ ನಂದು, ನನ್ನ ನಾಯೀದು ಬಿಟ್ರೆ ಯಾರ ಹೆಜ್ಜೆನೂ ಇಲ್ಲ. ಇವನೇನು ಹಾರ್ಕೊಂಡು ಹೋದ್ನಾ?"

ಹಿಮದೂರಿನಲ್ಲಿ ಬದುಕುವವರ ದೊಡ್ಡ ತೊಂದರೆ ಇದು. ಯಾರು ಯಾರ ಮನೆಗೆ ಹೋದರು, ಯಾವ ದಾರಿಯಲ್ಲಿ ತೂರಾಡುತ್ತ ಬಂದರು, ಎಲ್ಲವನ್ನೂ ನೆಲವೇ ಬರೆದಿಟ್ಟುಕೊಳ್ಳುತ್ತದೆ. ತೈಸ್ತೊ ಹೆಂಡತಿಯ ಬೆನ್ನು ನೋಡಿದ, ಮಾವನ ಹಲ್ಲು ನೋಡಿದ. ಇಷ್ಟು ವರ್ಷ ಕಟ್ಟಿಕೊಂಡು ಬಂದದ್ದು ಒಂದು ಮುದುಕಿಯ ಬಾಯಲ್ಲಿ ಕರಗಿಹೋಗುತ್ತಿತ್ತು.

"ನಾನು... ಕೆರೆಗೆ ಹೋಗ್ಲೇ ಇಲ್ಲ. ಕರಡಿಸೆಳವಿಗೆ ಹೋಗಿದ್ದೆ" ಅಂದ.

ಊರಾಚೆ ಹೊಳೆ ಬಂಡೆಗಳ ನಡುವೆ ನುಗ್ಗಿ ಇಳಿಯುವ ಜಾಗ ಕರಡಿಸೆಳವು. ಎಂಥ ಚಳಿಗೂ ಹೆಪ್ಪುಗಟ್ಟದ ನೀರು ಆ ಸುತ್ತಿನಲ್ಲಿ ಅದೊಂದೇ. ಅದಕ್ಕೆ ನೀಲೊ ಕೂಡ ಇಳಿದವನಲ್ಲ.

ಹಿಲ್ಕಳ ಕೈಯಲ್ಲಿದ್ದ ಚಾಕು ರೊಟ್ಟಿಯ ಅರ್ಧದಲ್ಲೇ ನಿಂತಿತು. ಅವಳು ತಿರುಗಿ ಗಂಡನನ್ನೇ ನೋಡಿದಳು. ಆ ನೋಟ ಮೆಚ್ಚುಗೆಯದು ಎಂದು ತೈಸ್ತೊನ ಎದೆ ಉಬ್ಬಿತು. ಮರುಕ್ಷಣವೇ ತಾನು ಹೇಳಿದ್ದೇನು ಎಂದು ನೆನಪಾಗಿ ಅದು ಕುಸಿಯಿತು.

ಸುಳ್ಳು ಚಿಕ್ಕದಿದ್ದಾಗ ನಾವು ಅದನ್ನು ಜೇಬಿನಲ್ಲಿಟ್ಟುಕೊಂಡು ತಿರುಗಬಹುದು. ಬೆಳೆದ ಮೇಲೆ ಅದು ನಮ್ಮನ್ನು ಜೇಬಿನಲ್ಲಿಟ್ಟುಕೊಂಡು ತಿರುಗುತ್ತದೆ. ರೌಹಜ್ಜಿ ಕಾಫಿ ಮುಗಿಸಿ ಹೊರಟ ಸ್ವಲ್ಪ ಹೊತ್ತಿಗೆಲ್ಲ ಸುದ್ದಿ ನಾಯಿ ದೊಡ್ಡಿ ದಾಟಿ, ಅಂಗಡಿ ದಾಟಿ, ಪ್ರವಾಸಿಗಳ ಊಟದ ಮನೆ ಸೇರಿತ್ತು. ರಜೆಯ ವ್ಯವಸ್ಥೆಯನ್ನೆಲ್ಲ ನೋಡಿಕೊಳ್ಳುವ ಮರ್ಯುತ್, ಹಿಲ್ಕಳ ಅಕ್ಕನ ಮಗಳು, ಹಿಮದ ಸ್ಕೂಟರು ಹಾರಿಸಿಕೊಂಡು ಬಂದಳು.

"ಚಿಕ್ಕಪ್ಪ! ಇಷ್ಟು ದಿನ ಬಾಯಿ ಬಿಡ್ಲೇ ಇಲ್ವಲ್ಲ! ಗುಂಡಿ ಮುಚ್ಚೋಯ್ತು ಅಂತ ನಾನು ತಲೆ ಮೇಲೆ ಕೈ ಹೊತ್ತು ಕೂತಿದ್ದೆ. ನೀವು ಸೆಳವಿಗೆ ಇಳಿದು ತೋರಿಸಿ, ಸಾಕು. ಜನ ಫೋಟೋ ತೆಗೆದು ಊರೂರಿಗೆ ಕಳಿಸ್ತಾರೆ. ಮಧ್ಯಾಹ್ನ ಊಟ ಆದ್ಮೇಲೆ, ಆಯ್ತಾ?"

"ಒಂದು ದಿನಕ್ಕೆ ಎರಡು ಸಲ ಇಳೀಬಾರ್ದಮ್ಮ. ನನಗೆ ಕೆಮ್ಮು ಬೇರೆ..." ಎಂದು ತೈಸ್ತೊ ಕೆಮ್ಮಿದ. ಕೆಮ್ಮು ಚೆನ್ನಾಗಿಯೇ ಬಂತು. ಆದರೆ ಕಿಟಕಿಯಾಚೆ ಎಸ್ಕೊ ನಿಂತಿದ್ದ.

"ಕೆಮ್ಮಿಗೆ ತಣ್ಣೀರಿನಷ್ಟು ಒಳ್ಳೆ ಮದ್ದೇ ಇಲ್ಲ ಅಂತ ನೀನೇ ತಾನೆ ನನಗೆ ಹೇಳಿದ್ದು? ಹೋದ ವರ್ಷ ನನ್ನನ್ನ ಗುಂಡೀಲಿ ಮೂರು ಸಲ ಅದ್ದಿದ್ಯಲ್ಲೋ ಪುಣ್ಯಾತ್ಮ!"

ತೈಸ್ತೊ ಕೆಮ್ಮುವುದನ್ನು ನಿಲ್ಲಿಸಿದ.

ಉಳಿದದ್ದು ಒಂದೇ ದಾರಿ, ಓಡಿಹೋಗುವುದು. ಹಿತ್ತಲಲ್ಲಿ ಸ್ಕೀ ಕಟ್ಟಿಕೊಂಡು ಕಾಡಿನೊಳಗೆ ಜಾರಿದ. ಗುಡ್ಡದಾಚೆ ಬೇಟೆಗಾರರ ಹಳೆಯ ಗುಡಿಸಲಿದೆ. ಕತ್ತಲಾಗುವ ತನಕ ಅಲ್ಲಿ ಅಡಗಿದ್ದು, ಬೆಳಿಗ್ಗೆ ದೊಡ್ಡಿಯಿಂದ ತಪ್ಪಿಸಿಕೊಂಡ ನಾಯಿಯೊಂದನ್ನು ಹುಡುಕುತ್ತಿದ್ದೆ ಅಂದರಾಯಿತು. ಮೊಣಕಾಲುದ್ದದ ಹಿಮ ಸೀಳಿಕೊಂಡು ಏದುಸಿರು ಬಿಡುತ್ತ ಹೋಗಿ, ಗುಡಿಸಲ ಬಾಗಿಲು ಹಾಕಿಕೊಂಡು, ಬೆಂಚಿನ ಮೇಲೆ ಕಾಲು ಚಾಚಿದ.

ಕಾಲು ಚಾಚಿದಷ್ಟೇ ಸುಖ. ಹೊರಗೆ ಕಲಕಲ ಮಾತು. ಬಾಗಿಲು ತೆರೆದರೆ ಬಾಡಿಗೆಯ ದಪ್ಪ ಉಡುಪಿನಲ್ಲಿ ಹಿಟ್ಟಿನ ಮೂಟೆಗಳಂತಾಗಿದ್ದ ಪ್ರವಾಸಿಗಳು ಸಾಲಾಗಿ ನಿಂತಿದ್ದಾರೆ. ಮುಂದೆ ಅವರ ಸ್ಕೀ ಗುರು.

"ತುಂಬಾ ಉಪಕಾರ ಆಯ್ತು ತೈಸ್ತೊಣ್ಣ! ಹೊಸ ಹಿಮದಲ್ಲಿ ಇವರನ್ನ ಹೆಂಗಪ್ಪ ನಡೆಸ್ಲಿ ಅಂತ ಯೋಚಿಸ್ತಿದ್ದೆ. ನೀವು ಮುಂಚೆನೇ ಬಂದು ದಾರಿ ಮಾಡಿಟ್ಟಿದ್ದೀರಿ. ಬನ್ನಿ, ಎಲ್ರೂ ಒಟ್ಟಿಗೆ ಸೆಳವಿಗೆ ಹೋಗೋಣ."

ಮೂಟೆಗಳೆಲ್ಲ ಕೈಗವಸು ತಟ್ಟಿ ಚಪ್ಪಾಳೆ ಹೊಡೆದವು. ಹಾಗೆ ತಾನೇ ಮಾಡಿದ ದಾರಿಯಲ್ಲಿ, ಮೆರವಣಿಗೆಯ ನಡುವೆ, ತೈಸ್ತೊ ವಾಪಸು ಬಂದ.

ಕರಡಿಸೆಳವಿನ ದಂಡೆಯಲ್ಲಿ ಊರಿಗೆ ಊರೇ ಸೇರಿತ್ತು. ನೀರು ಕಪ್ಪಗೆ ಹೊಗೆಯಾಡುತ್ತ ಗರ್ಜಿಸುತ್ತಿತ್ತು. ಎಸ್ಕೊ ಹಿಮಸಾರಂಗ ಹಿಡಿಯುವ ಹಗ್ಗವನ್ನು ತೈಸ್ತೊನ ಸೊಂಟಕ್ಕೆ ಬಿಗಿದ. "ನಿನಗೆ ಬೇಕಾಗಲ್ಲ, ಗೊತ್ತು. ನನ್ನ ಸಮಾಧಾನಕ್ಕೆ ಇರ್ಲಿ."

"ಎಸ್ಕೊ, ನೀನೂ ಬಾರೋ" ಎಂದು ತೈಸ್ತೊ ಪಿಸುಗುಟ್ಟಿದ.

"ಹಗ್ಗ ಯಾರು ಹಿಡೀತಾರೆ?" ಎಂದು ಎಸ್ಕೊ ಎರಡು ಹೆಜ್ಜೆ ಹಿಂದೆ ಸರಿದ.

ಕೋಟು ಬಿಚ್ಚಿದ. ಅಂಗಿ ಬಿಚ್ಚಿದ. ಉಣ್ಣೆಯ ಒಳಂಗಿಯೂ ಹೋದಾಗ ಅವನ ಪಕ್ಕೆಲುಬುಗಳು ಒಣಹಾಕಿದ ಮೀನಿನ ಮುಳ್ಳಿನಂತೆ ಕಂಡವು. ಬಂಡೆಯ ಮೇಲೆ ನಿಂತು ಜನರನ್ನು ನೋಡಿದ. ಎಡಗಾಲಿನ ಹೆಬ್ಬೆರಳು ತನಗೆ ಎಲ್ಲ ಗೊತ್ತು ಎಂಬಂತೆ ಮುದುಡಿಕೊಂಡಿತು. ಆಗ ತೈಸ್ತೊನೊಳಗೆ ಏನೋ ಸಡಿಲಾಯಿತು. ಹೇಳಿಬಿಡೋಣ. ನಗುವವರು ನಗಲಿ. ಜೀವ ಇದ್ದರೆ ತಾನೇ ಮರ್ಯಾದೆ? ಹಿಲ್ಕ ಹೇಗೂ ಇಲ್ಲಿಲ್ಲ. ಪ್ರವಾಸಿಗಳ ಊಟದ ಮನೆಯಲ್ಲಿ ರಾತ್ರಿಗೆ ಮೀನಿನ ಸಾರು ಮಾಡುತ್ತಿದ್ದಾಳೆ. ಸಂಜೆ ಕಾಲು ಹಿಡಿದುಕೊಂಡರಾಯಿತು.

"ನೋಡಿ," ಅಂದ. "ನಾನು ಒಂದು ನಿಜ ಹೇಳ್ಬೇಕು..."

ಅಷ್ಟರಲ್ಲಿ ತಿರುವಿನಲ್ಲಿ ಹಿಲ್ಕ ಕಂಡಳು. ಏಪ್ರನ್ನೂ ಬಿಚ್ಚದೆ, ಟೋಪಿಯೂ ಇಲ್ಲದೆ, ಹಿಮದ ಜಾರುಬಂಡಿಯ ಮೇಲೆ ನಿಂತು, ಒಂದು ಕಾಲಲ್ಲಿ ನೆಲ ಒದ್ದು ಒದ್ದು ಓಡಿಸಿಕೊಂಡು ಬರುತ್ತಿದ್ದಳು. ಗಂಡನನ್ನು ಕಂಡವಳೇ ಎರಡೂ ಕೈ ಎತ್ತಿ ಬೀಸತೊಡಗಿದಳು. ಬಾಯಿ ತೆರೆದು ಏನೋ ಕೂಗುತ್ತಿದ್ದಳು. ನೀರಿನ ಆರ್ಭಟದಲ್ಲಿ ಒಂದಕ್ಷರವೂ ಕೇಳಿಸಲಿಲ್ಲ.

ಮದುವೆಯಾದಾಗಿನಿಂದ ಒಲೆಯ ಕಡೆಯಿಂದ ಮುಖ ತಿರುಗಿಸದ ಹೆಂಗಸು ಇಂದು ಅವನಿಗಾಗಿ ಕೈ ಬೀಸುತ್ತ ಓಡಿ ಬರುತ್ತಿದ್ದಾಳೆ! ತೈಸ್ತೊನ ಕಣ್ಣು ತುಂಬಿತು. ಇನ್ನು ನಿಜ ಗಿಜ ಏನೂ ಬೇಡ. ಮೂಗು ಹಿಡಿದುಕೊಂಡು ಹಾರಿಯೇಬಿಟ್ಟ.

ಆಮೇಲಿನದು ಅವನಿಗೆ ಸರಿಯಾಗಿ ನೆನಪಿಲ್ಲ. ಒಂದು ಕೂಗು ಕೇಳಿಸಿತು, ಅದು ತನ್ನದೇ ಎಂದು ತಡವಾಗಿ ತಿಳಿಯಿತು. ಸೊಂಟಕ್ಕೆ ಹಗ್ಗ ಬಿಗಿಯಿತು. ಎಸ್ಕೊ ಮತ್ತು ನಾಲ್ಕಾರು ಮೂಟೆಗಳು ಸೇರಿ ಅವನನ್ನು ದಂಡೆಗೆ ಎಳೆದರು. ಜನ ಹೋ ಎಂದರು. ರೌಹಜ್ಜಿ ಕಣ್ಣೊರೆಸಿಕೊಂಡು, "ನೀಲೊನೇ ಮತ್ತೆ ಹುಟ್ಟಿ ಬಂದ" ಅಂದಳು.

ಮನೆಯಲ್ಲಿ ಹಿಲ್ಕ ಅವನನ್ನು ಕಂಬಳಿಯಲ್ಲಿ ಸುತ್ತಿ ಒಲೆಯ ಮುಂದೆ ಕೂರಿಸಿದಳು. ಆಮೇಲೆ ಅವನ ಎದುರಿಗೇ ಕುರ್ಚಿ ಎಳೆದುಕೊಂಡು ಕೂತಳು.

"ನೀರು ಹೇಗಿತ್ತು?"

ಅವನ ಹಲ್ಲುಗಳು ಕಟಕಟ ಎನ್ನುತ್ತಿದ್ದವು. "ಚ್... ಚೂರಿ ಹಾಕಿದ ಹಂಗಿತ್ತು."

"ಮತ್ತೆ ಯಾಕೋ ಹಾರಿದೆ, ದಡ್ಡ? ಬೇಡ ಬೇಡ ಅಂತ ಅಷ್ಟು ಕೈ ಬೀಸ್ದೆನಲ್ಲ!"

ತೈಸ್ತೊ ಅವಳ ಮುಖ ನೋಡಿದ.

"ನೀನು... ಹುರಿದುಂಬಿಸ್ತಿದ್ದೀಯ ಅಂದ್ಕೊಂಡೆ."

"ಹುರಿದುಂಬಿಸೋದಾ! ನೀನು ಇಳೀಬಾರ್ದು ಅಂತ ಡಾಕ್ಟ್ರು ಹೇಳಿದ್ದಾರೆ ಅಂತ ಮರ್ಯುತ್ ಹತ್ರ ಸುಳ್ಳು ಹೇಳ್ದೆ, ಅವಳು ಕೇಳ್ಲಿಲ್ಲ. ಸಾರು ಒಲೆ ಮೇಲೇ ಬಿಟ್ಟು ಓಡಿ ಬಂದೆ." ಅವಳು ಕಿಟಕಿಯ ಕಡೆ ಕೈ ತೋರಿಸಿದಳು. "ಮದುವೆ ಆದ ಮಾರನೇ ದಿನಾನೇ ಈ ಕಿಟಕಿಯಿಂದ ನೋಡಿದೀನಿ ಕಣೋ. ಗುಂಡಿ ಪಕ್ಕ ಕಪ್ಪೆ ಹಂಗೆ ಕೂತು ತಲೆ ಒದ್ದೆ ಮಾಡ್ಕೊಳ್ತಿದ್ದೆ. ನಕ್ಕು ನಕ್ಕು ಇಲ್ಲೇ ನೆಲದ ಮೇಲೆ ಕೂತ್ಬಿಟ್ಟೆ. ಆಮೇಲೆ ಅತ್ತುಬಿಟ್ಟೆ. ಅಪ್ಪ ಆ ಏಣಿ ಮೇಲೆ ಹೋದ್ಮೇಲೆ, ದೇವ್ರೇ, ಆ ನೀರಿಗೆ ಇಳೀದೆ ಇರೋ ಗಂಡನ್ನ ಕೊಡು ಅಂತ ಬೇಡ್ಕೊಂಡಿದ್ದೆ. ಸಿಕ್ದ ಅಂತ ಅಂದ್ಕೊಂಡೆ. ಈ ಊರಲ್ಲಿ ಬುದ್ಧಿ ಇರೋ ಗಂಡಸು ನನ್ನ ಗಂಡ ಒಬ್ನೇ ಅಂತ ಒಳಗೊಳಗೇ ಬೀಗ್ತಿದ್ದೆ."

"ಮತ್ತೆ ದಿನಾ ಕೇಳ್ತಿದ್ಯಲ್ಲ, ನೀರು ಹೇಗಿತ್ತು ಅಂತ?"

"ನಗು ತಡ್ಕೊಳ್ಳೋಕೆ ಒಲೆ ಕಡೆ ತಿರುಗ್ಕೊಂಡು ಕೇಳ್ತಿದ್ದೆ. ದಿನದಲ್ಲಿ ನನಗಿದ್ದ ಸಂತೋಷ ಅದೊಂದೇ. ಇವತ್ತು ಅದನ್ನೂ ಹೊಳೆಗೆ ಹಾಕಿ ಬಂದೆ."

ತೈಸ್ತೊ ಕಂಬಳಿಯನ್ನು ಇನ್ನಷ್ಟು ಬಿಗಿಯಾಗಿ ಹೊದ್ದುಕೊಂಡ. ಹೆಂಡತಿಯ ಕಣ್ಣಲ್ಲಿ ಸಣ್ಣವನಾಗಬಾರದೆಂದು ಇಷ್ಟು ವರ್ಷ ನಟಿಸಿದ. ದೊಡ್ಡವನಾಗಿಯೇ ಇದ್ದನಂತೆ, ಇವತ್ತು ಮಧ್ಯಾಹ್ನದ ತನಕ.

"ನಾಳೆಯಿಂದ ಮತ್ತೆ ಗುಂಡಿ ಪಕ್ಕ ಕಪ್ಪೆ ಹಂಗೇ ಕೂರ್ತೀನಿ" ಅಂದ ಮೆಲ್ಲಗೆ. ಹಿಲ್ಕಳ ತುಟಿಯಲ್ಲಿ ನಗು ಮೂಡುವ ಹಾಗಿತ್ತು. ಆದರೆ ಅಷ್ಟರಲ್ಲಿ ಬಾಗಿಲು ತೆರೆಯಿತು.

ಮರ್ಯುತ್, ಎಸ್ಕೊ, ರೌಹಜ್ಜಿ, ಹಿಂದೆ ಪ್ರವಾಸಿಗಳ ಹಿಂಡು.

"ಚಿಕ್ಕಪ್ಪ, ಹಿಮ ಕರಗೋ ತನಕ ಪ್ರತಿ ಶನಿವಾರ ನಿಮ್ಮದೇ ಕಾರ್ಯಕ್ರಮ! ಈಗಾಗ್ಲೇ ಜನ ಕೇಳ್ತಿದ್ದಾರೆ."

ತೈಸ್ತೊ ಕಂಬಳಿ ಸಮೇತ ಎದ್ದು ನಿಂತ. "ಎಲ್ಲ ಕೇಳಿ. ಇವತ್ತಿನವರೆಗೆ ನಾನು ಒಂದು ಸಲಾನೂ ನೀರಿಗೆ ಇಳಿದವನಲ್ಲ. ಎಲ್ಲಾ ಸುಳ್ಳು. ನನಗೆ ತಣ್ಣೀರು ಕಂಡ್ರೆ ಭಯ!"

ಮನೆಯ ತೊಲೆ ಅಲುಗುವ ಹಾಗೆ ನಗು.

"ನೋಡಿದ್ರಾ, ಎಷ್ಟು ವಿನಯ!" ಎಂದಳು ರೌಹಜ್ಜಿ. "ಇವನ ಮಾವನೂ ಹಿಂಗೇ."

"ನಾನು ಹೇಳ್ತೀನಿ, ಕೇಳಿ. ನಿಜವಾಗ್ಲೂ ಇವನು..." ಎಂದು ಹಿಲ್ಕ ಬಾಯಿ ಹಾಕಿದಳು.

"ನೀನು ಸುಮ್ನಿರೇ, ಗಂಡನ್ನ ಮನೇಲೇ ಕಟ್ಟಿಹಾಕ್ಕೊಳ್ಳೋಕೆ ನೋಡ್ಬೇಡ" ಎಂದ ಎಸ್ಕೊ.

ಬೆಳಿಗ್ಗೆ ಹೇಳಿದ್ದರೆ ನಡೆಯುತ್ತಿದ್ದ ನಿಜ ಸಂಜೆಯ ಹೊತ್ತಿಗೆ ಹಳಸಿಹೋಗಿತ್ತು.

ಹೊರಡುವ ಮುನ್ನ ಮರ್ಯುತ್ ಆಫೀಸಿನಲ್ಲಿ ಅಚ್ಚು ಹಾಕಿಸಿದ್ದ ಫೋಟೋವೊಂದನ್ನು ನೀಲೊನ ಫೋಟೋದ ಪಕ್ಕಕ್ಕೆ ಸಿಕ್ಕಿಸಿದಳು. ಕತ್ತಿನವರೆಗೆ ಕಪ್ಪು ನೀರು, ಸೊಂಟದ ಹಗ್ಗ ಕಾಣುತ್ತಿರಲಿಲ್ಲ. ತೈಸ್ತೊ ಜೀವ ಹೋಗುವಂತೆ ಕಿರುಚುತ್ತಿದ್ದ ಗಳಿಗೆ ಅದು; ಹಲ್ಲುಗಳೆಲ್ಲ ಹೊರಗಿದ್ದವು.

"ಅಬ್ಬಾ, ಎಷ್ಟು ಖುಷಿಯಾಗಿ ನಗ್ತಿದ್ದಾನೆ!" ಎಂದರು ಜನ.

ಎಲ್ಲರೂ ಹೋದ ಮೇಲೆ ತೈಸ್ತೊ ಎರಡೂ ಫೋಟೋಗಳ ಮುಂದೆ ನಿಂತ. ತನ್ನ ಹಲ್ಲು ನೋಡಿದ. ಮಾವನ ಹಲ್ಲು ನೋಡಿದ. ಮತ್ತೆ ತನ್ನದು. ಮತ್ತೆ ಮಾವನದು.

"ಹಿಲ್ಕ," ಅಂದ ಕೊನೆಗೆ. "ಇಲ್ಲಿ ಬಾ. ನಿಮ್ಮಪ್ಪನ್ನ ಸ್ವಲ್ಪ ಸರಿಯಾಗಿ ನೋಡು."