ದಯವಿಟ್ಟು ಗವಸು ಹಾಕಿಕೊಂಡೇ ಆಡಿರಿ

ನನ್ನ ಯಂತ್ರವನ್ನು ಎಲ್ಲಿ ಇಳಿಸಿದರೂ ಏನಾದರೊಂದು ಎಡವಟ್ಟಾಗದೆ ಅದು ಮತ್ತೆ ಗಾಡಿ ಹತ್ತಿದ್ದೇ ಇಲ್ಲ. ಮೊದಮೊದಲು ನಗು ಬರುತ್ತಿತ್ತು. ಈಗಲೂ ಬರುತ್ತದೆ, ಆದರೆ ಸೊಂಟ ಹಿಡಿದುಕೊಂಡು ನಗಬೇಕು.

ಮದುವೆ, ಹುಟ್ಟುಹಬ್ಬ, ಗೃಹಪ್ರವೇಶಕ್ಕೆ ಹಾಡಿನ ಆಟದ ಯಂತ್ರ ಬಾಡಿಗೆಗೆ ಕೊಡುವುದು ನನ್ನ ಕಸುಬು. ಮನೆ ಚನ್ನಗಿರಿಯಲ್ಲಿ, ತಿರುಗಾಟ ಹೊನ್ನಾಳಿ, ನ್ಯಾಮತಿ, ಜಗಳೂರಿನವರೆಗೆ. ಯಂತ್ರ ಅಂದರೆ ಮೇಜಿನಷ್ಟು ಅಗಲದ ಒಂದು ಗಾಜು. ಹಾಡು ಶುರುವಾದರೆ ಗಾಜಿನ ಮೇಲೆ ಬಣ್ಣದ ಬೆಳಕು ಹರಿದು ಬರುತ್ತದೆ. ಚುಕ್ಕಿ ಬಂದರೆ ತಟ್ಟಬೇಕು, ಗೆರೆ ಬಂದರೆ ಅದು ಹೋದಲ್ಲೆಲ್ಲ ಕೈ ಜಾರಿಸಿಕೊಂಡು ಹೋಗಬೇಕು. ಒಂದೂ ತಪ್ಪದೆ ಆಡಿದರೆ ಯಂತ್ರದ ನೆತ್ತಿಯ ಮೇಲಿನ ಕೆಂಪು ದೀಪ ಹತ್ತುತ್ತದೆ ಅಂತ ಮಾರಿದವನು ಹೇಳಿದ್ದ. ನಾನಂತೂ ನೋಡಿರಲಿಲ್ಲ. ಬಲ್ಬು ಸುಟ್ಟಿರಬೇಕು ಅಂತ ಸುಮ್ಮನಿದ್ದೆ.

ತೊಂದರೆ ಇರುವುದು ಕೈಯಲ್ಲಿ. ಬೆವರಿದ ಕೈ ಗಾಜಿಗೆ ಅಂಟುತ್ತದೆ, ಉಂಡು ಬಂದ ಕೈಯ ಮಾತೇ ಬೇಡ. ಗೆರೆ ಮುಂದೆ ಹೋಗುತ್ತದೆ, ಕೈ ಕಿರ್ರೆಂದು ಅಲ್ಲೇ ನಿಲ್ಲುತ್ತದೆ. ಬಟ್ಟೆಯ ಗವಸು ಹಾಕಿಕೊಂಡರೆ ಸಲೀಸಾಗಿ ಜಾರುತ್ತದೆ. ವಿಷಯ ಇಷ್ಟೇ. ಇದನ್ನು ನಾಲ್ಕು ತಾಲ್ಲೂಕಿನ ಜನಕ್ಕೆ ತಿಳಿಸಿ ಹೇಳುವಷ್ಟರಲ್ಲಿ ನಾನು ಹಣ್ಣಾಗಿದ್ದೇನೆ.

ಜಗಳೂರಿನಲ್ಲಿ ನನ್ನ ಮಾವನ ಗಾದಿ ಅಂಗಡಿ ಇದೆ. ಆ ಡಬ್ಬಿಯನ್ನು ಗುಜರಿಗೆ ಹಾಕಿ ಬಂದು ಅಂಗಡಿಯಲ್ಲಿ ಕೂರು ಅಂತ ಮಾವ ಕಂಡಾಗಲೆಲ್ಲ ಹೇಳುತ್ತಿದ್ದರು. ಕೊನೆಗೆ ಹೆಂಡತಿಯೇ ಗಡುವು ಹಾಕಿದಳು. ಜಗಳೂರಿನಲ್ಲಿ ಅವಳ ತಮ್ಮನ ಮದುವೆ ಇತ್ತು. ಅಲ್ಲಿ ನೆಂಟರ ಮುಂದೆ ಯಂತ್ರ ಮರ್ಯಾದೆ ಉಳಿಸಿದರೆ ಸರಿ, ಇಲ್ಲದಿದ್ದರೆ ಗುಜರಿ. ಯಂತ್ರ ಎತ್ತಿ ಇಳಿಸಿ ಸೋತಿದ್ದ ನನ್ನ ಸೊಂಟ ಮಾವನ ಪಕ್ಷ ವಹಿಸಿತು. ಆದರೂ ಯಂತ್ರ ಬಿಡಲು ನನಗೆ ಮನಸ್ಸಿರಲಿಲ್ಲ. ಎಂಥ ಬಿಗುಮಾನದವರೂ ಆ ಗಾಜಿನ ಮುಂದೆ ನಿಂತರೆ ಮುಖ ಸಡಿಲ ಬಿಡುತ್ತಾರೆ. ಅದನ್ನು ನೋಡುವುದು ನನಗಿಷ್ಟ, ಅಷ್ಟೇ.

೧. ದರ್ಜಿ ಹೊಲಿದ ಗವಸು

ಮೊದಲು ಔಷಧಿ ಅಂಗಡಿಯ ರಬ್ಬರ್ ಗವಸು ತಂದೆ. ಅದು ಬರಿಗೈಗಿಂತ ಹೆಚ್ಚು ಅಂಟಿತು. ಆಮೇಲೆ ಚನ್ನಗಿರಿಯಲ್ಲಿ ಮಸೀದಿ ಪಕ್ಕದ ದರ್ಜಿಗೆ ತೆಳ್ಳನೆಯ ಬಿಳಿ ಬಟ್ಟೆಯಲ್ಲಿ ನಾಲ್ಕು ಜೊತೆ ಹೊಲಿದುಕೊಡಲು ಹೇಳಿದೆ. ಅಳತೆ ಗೊತ್ತೈತಿ ಬಿಡ್ರಿ ಅಂದ. ಹೊತ್ತಿಗೆ ಸರಿಯಾಗಿ ಕೊಟ್ಟ. ನೋಡಿದರೆ ಬೆರಳುಗಳೇ ಇಲ್ಲ, ಬಾಯಿಗೆ ದಾರ ಕಟ್ಟಿದ ಉದ್ದನೆಯ ಚೀಲಗಳು. ಆ ಮನುಷ್ಯ ಜನ್ಮದಲ್ಲಿ ಕೈಗೆ ಅಂತ ಹೊಲಿದದ್ದು ಒಂದೇ ವಸ್ತು, ಮಯ್ಯತ್ತಿಗೆ, ಅಂದರೆ ಹೆಣಕ್ಕೆ, ಸ್ನಾನ ಮಾಡಿಸುವವರು ಹಾಕಿಕೊಳ್ಳುವ ಚೀಲ. ಅದನ್ನೇ ಹೊಲಿದಿದ್ದ.

ಸಂಜೆ ಪಕ್ಕದ ಬೀದಿಯಲ್ಲೇ ಹುಟ್ಟುಹಬ್ಬ, ಬೇರೆ ದಾರಿ ಇರಲಿಲ್ಲ. ನಿಜ ಹೇಳಬೇಕೆಂದರೆ ಚೀಲ ಚೆನ್ನಾಗಿಯೇ ಜಾರಿತು. ಆಡಿ ಬೆವರಿದ ನಾಲ್ವರು ಗಾಳಿಗೆಂದು ಚೀಲದ ಸಮೇತ ಜಗಲಿಗೆ ಬಂದು ಸಾಲಾಗಿ ನಿಂತರು. ನಮಾಜು ಮುಗಿಸಿ ಬರುತ್ತಿದ್ದ ಓಣಿಯ ಹಿರಿಯರೊಬ್ಬರು ಅವರನ್ನು ನೋಡಿದವರೇ ಗಕ್ಕನೆ ನಿಂತರು. ಕೈಗಡಿಯಾರ ಬಿಚ್ಚಿ ಜೇಬಿಗಿಟ್ಟು, ತೋಳು ಮಡಚಿಕೊಂಡು ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದರು.

"ನೀರು ಕಾಯಾಕೆ ಇಟ್ಟೀರೇನಪ್ಪಾ?"

೨. ಬ್ಯಾಂಡಿನ ಗವಸು

ಹೊನ್ನಾಳಿಯ ಮದುವೆಗೆ ಬುದ್ಧಿ ಕಲಿತು ಹೋದೆ. ಅಲ್ಲಿ ಬ್ಯಾಂಡಿನವರು ಬಿಳಿ ಗವಸು ಹಾಕಿಕೊಂಡು ನಿಂತಿದ್ದರು. ಮೆರವಣಿಗೆ ಮುಗಿದ ಮೇಲೆ ಬ್ಯಾಂಡ್ ಮಾಸ್ತರರ ಕೈಕಾಲು ಹಿಡಿದು ಎರಡು ಜೊತೆ ಕಡ ತಂದೆ.

ಮದುಮಗನ ದೊಡ್ಡಪ್ಪ ಒಂದು ಜೊತೆ ಹಾಕಿಕೊಂಡು ಆಡಲು ನಿಂತರು. ಮಾತೆತ್ತಿದರೆ ಮುನಿಸಿಕೊಳ್ಳುವ ಮನುಷ್ಯ ಅಂತ ಹೆಣ್ಣಿನ ಕಡೆಯವರಿಗೆ ಮೊದಲೇ ಎಚ್ಚರಿಕೆ ಹೋಗಿತ್ತು. ಅವರ ಕೋಟು ಕೆಂಪು, ಗುಂಡಿ ಹಿತ್ತಾಳೆಯದು. ನಾಲ್ಕು ಹಾಡು ಆಡಿ, ಗವಸು ಬಿಚ್ಚದೆಯೇ ಊಟದ ಮನೆ ಕಡೆ ನಡೆದರು. ಬಾಗಿಲಲ್ಲಿದ್ದ ಹೆಣ್ಣಿನ ಕಡೆಯ ಯುವಕ ಒಮ್ಮೆ ಕೋಟು ನೋಡಿದ, ಒಮ್ಮೆ ಗವಸು ನೋಡಿದ, ಬ್ಯಾಂಡಿನವರಿಗೆ ಕೊನೇ ಪಂಕ್ತಿ ಅಂತ ಹೇಳಿ ಹಿಂದಿನ ಶಾಮಿಯಾನಕ್ಕೆ ಕಳಿಸಿಬಿಟ್ಟ. ಸುದ್ದಿ ಒಳಗೆ ಮುಟ್ಟಿದಾಗ ಮದುವೆ ಮನೆಗೆ ಮದುವೆ ಮನೆಯೇ ತಣ್ಣಗಾಯಿತು. ಹೆಣ್ಣಿನ ಅಪ್ಪ ಕ್ಷಮೆ ಕೇಳಲು ಓಡಿದ. ಈ ಅನಾಹುತಕ್ಕೆಲ್ಲ ನನ್ನ ಗವಸೇ ಕಾರಣ ಅಂತ ನನ್ನನ್ನೂ ಎಳೆದುಕೊಂಡು ಹೋದರು.

ದೊಡ್ಡಪ್ಪ ಡೋಲಿನವನ ಪಕ್ಕದಲ್ಲಿ ಕೂತು ಎರಡನೇ ಸಲ ಪಾಯಸ ಹಾಕಿಸಿಕೊಳ್ಳುತ್ತಿದ್ದರು. ತಮ್ಮ ಮಗಳಿಗೆ ಗಂಡು ಗೊತ್ತಾಯಿತಾ ಅಂತ ಯಾರೂ ಕೇಳದೆ ಊಟ ಮಾಡಿದ್ದು ಇದೇ ಮೊದಲು ಅಂದರು. ಆಮೇಲೆ ಜೇಬು ತಟ್ಟಿ ನನಗೆ ಹೇಳಿದರು: "ಗ್ಲೌಸು ವಾಪಸ್ ಕೇಳಬ್ಯಾಡ್ರಿ. ಮುಂದಿನ ತಿಂಗಳು ಇನ್ನೊಂದು ಮದುವಿ ಐತೆ."

೩. ಮನೆಯಲ್ಲೇ ಇದ್ದ ಗವಸು

ದೊಡ್ಡಪ್ಪ ಹೊತ್ತುಕೊಂಡು ಹೋದ ಗವಸಿಗಾಗಿ ಬ್ಯಾಂಡ್ ಮಾಸ್ತರರಿಂದ ಬೈಸಿಕೊಂಡು, ಬರಿಗೈಯಲ್ಲಿ ನ್ಯಾಮತಿಯ ಗೃಹಪ್ರವೇಶಕ್ಕೆ ಹೋದೆ. ಕೈಗೆ ಯಾವುದಾದರೂ ನುಣುಪು ಬಟ್ಟೆ ಹಾಕಿಕೊಂಡು ಆಡಿ ಅಂತ ನಾನು ಹೇಳಿದ್ದೇ ತಪ್ಪಾಯಿತು. ಮನೆ ಯಜಮಾನರ ಷಡ್ಡಕ ಬಹಳ ಚುರುಕು. ಹೊರಗೆ ಬಿಟ್ಟಿದ್ದ ತನ್ನ ಬೂಟಿನೊಳಗಿಂದ ಕಾಲುಚೀಲ ತಂದು ಕೈಗೆ ಏರಿಸಿಕೊಂಡ. ಎಷ್ಟು ಚೆನ್ನಾಗಿ ಜಾರಿತು ಅಂದರೆ ಉಳಿದವರೂ ಹೊರಗೆ ಓಡಿದರು. ಬಿಸಿಲಲ್ಲಿ ಬಸ್ಸಿಳಿದು ನಡೆದು ಬಂದ ಕಾಲಿನ ಚೀಲಗಳು. ಹೊಸ ಮನೆ, ಕಿಟಕಿಗೆ ಹಚ್ಚಿದ ಬಣ್ಣ ಹಸಿಯಾಗಿ ಅಂಟಿಕೊಂಡು ಒಂದೂ ತೆರೆಯುತ್ತಿರಲಿಲ್ಲ. ಹೆಂಗಸರು ಮೂಗಿಗೆ ಸೆರಗು ಹಿಡಿದು ಹಿತ್ತಲಿಗೆ ಹೋದರು.

ಯಜಮಾನರು ನನ್ನನ್ನು ಪಕ್ಕಕ್ಕೆ ಕರೆದರು. "ಹೋಮ ಮಾಡ್ಸಿ ಇನ್ನೂ ಬೂದಿ ಆರಿಲ್ಲ. ಪುರೋಹಿತರನ್ನ ಮತ್ತೆ ಕರೆಸ್ಬೇಕೇನ್ರಿ?"

೪. ಅತ್ತೆಯ ಗವಸು

ಹೀಗೆ ಮೂರೂ ಕಡೆ ಮುಖಭಂಗ ಮಾಡಿಕೊಂಡು ಜಗಳೂರು ಮುಟ್ಟಿದೆ. ಅಳಿಯನ ಆಟಕ್ಕೆ ಕೈಗೇನೋ ಬೇಕಂತೆ ಅಂತ ಅತ್ತೆ ಮೊದಲೇ ಹೊಲಿದಿಟ್ಟಿದ್ದರು. ಆ ಮನೆಯಲ್ಲಿ ಬಟ್ಟೆ ಕೈಗೆ ಸಿಕ್ಕರೆ ಮಾಡುವುದು ಒಂದೇ ಕೆಲಸ: ಎರಡು ಪದರ ಸೇರಿಸಿ, ಮಧ್ಯೆ ಹತ್ತಿ ತುಂಬಿ, ಮೇಲೆ ಅಡ್ಡಡ್ಡ ಹೊಲಿಗೆ ಹಾಕುವುದು. ಗವಸಿಗೂ ಅದೇ ಮಾಡಿದ್ದರು. ಹೂವಿನ ಗಾದಿ ಬಟ್ಟೆ, ಒಂದೊಂದು ಬೆರಳೂ ಸಣ್ಣ ದಿಂಬು. ಕಣ್ಣು ಸೋತು ಹೊಲಿದದ್ದು ಕಾಣುತ್ತಿತ್ತು. ಬೇಡ ಅನ್ನಲು ನನಗೆ ಬಾಯಿ ಬರಲಿಲ್ಲ.

ಮದುಮಗನ ಸ್ನೇಹಿತರು ಅದನ್ನು ಹಾಕಿಕೊಂಡು ಒಬ್ಬರಾದ ಮೇಲೆ ಒಬ್ಬರು ಸೋತರು. ಒಂದು ಚುಕ್ಕಿ ತಟ್ಟಲು ಹೋದರೆ ಮೂರು ಚುಕ್ಕಿಯ ಮೇಲೆ ಕೈ ಬೀಳುತ್ತಿತ್ತು. ತಟ್ಟಿ ತಟ್ಟಿ ಹೊಲಿಗೆ ಬಿಚ್ಚಿ ಹತ್ತಿ ಹಾರಾಡಿತು. ಮಾವ ಕುರ್ಚಿ ಹಾಕಿಕೊಂಡು ಎಲ್ಲವನ್ನೂ ನೋಡುತ್ತಿದ್ದರು. ಅವರ ಪಕ್ಕದಲ್ಲಿ ಗುಜರಿಯವನು. ಅವನೂ ಮದುವೆಗೆ ಬಂದಿದ್ದ. ಬಿರಿಯಾನಿ ಮುಗಿಸಿ ಬಂದು ಯಂತ್ರವನ್ನು ಒಮ್ಮೆ ಅಲ್ಲಾಡಿಸಿ ತೂಕ ನೋಡಿಕೊಂಡ. ಹೆಂಡತಿ ನನ್ನ ಮುಖ ನೋಡಲಿಲ್ಲ.

ಅಷ್ಟರಲ್ಲಿ ಹೆಂಗಸರೆಲ್ಲ ಸೇರಿ ಅತ್ತೆಯನ್ನು ಮುಂದೆ ತಳ್ಳಿದರು. ಅವರಾದರೂ ನಗೆಪಾಟಲಾಗದಿರಲಿ ಅಂತ ಚುಕ್ಕಿಗಳೇ ಇಲ್ಲದ, ಬರೀ ಉದ್ದ ಗೆರೆಗಳ ನಿಧಾನದ ಹಾಡು ಹಾಕಿದೆ. ಅತ್ತೆ ಬಿಸ್ಮಿಲ್ಲಾ ಅಂತ ಗಾಜಿನ ಮೇಲೆ ಕೈ ಇಟ್ಟು, ಗಾದಿ ಸವರುವ ಹಾಗೆ ಸವರತೊಡಗಿದರು. ಅಂಕ ಏರಿತು. ಹಾಡಿನ ಮಧ್ಯೆ ಬೀಗರು ಬಂದರು. ಅತ್ತೆ ಎರಡೂ ಕೈ ತೆಗೆದು, ಸೆರಗು ಸರಿಮಾಡಿಕೊಂಡು, ಊಟ ಆಯಿತಾ ಅಂತ ವಿಚಾರಿಸಿದರು. ಅಂಕ ಏರುತ್ತಲೇ ಇತ್ತು.

ಆಗ ನಾನು ಬಗ್ಗಿ ನೋಡಿದೆ. ಕೈ ಎಲ್ಲಿದೆ ಅಂತ ಕಂಡುಹಿಡಿಯಲು ಗಾಜಿನ ಅಂಚಿನಲ್ಲಿ ಸಾಲಾಗಿ ಸಣ್ಣ ಕಣ್ಣುಗಳಿವೆ. ಅವಕ್ಕೆಲ್ಲ ಹತ್ತಿ ಮೆತ್ತಿಕೊಂಡಿತ್ತು. ಯಂತ್ರದ ಲೆಕ್ಕದಲ್ಲಿ ಗಾಜಿನ ತುಂಬ ಕೈಗಳೇ. ಇನ್ನು ಯಾವ ಗೆರೆ ತಪ್ಪೀತು? ಹಾಡು ಮುಗಿಯಿತು, ನೆತ್ತಿಯ ಕೆಂಪು ದೀಪ ಭಗ್ಗನೆ ಹತ್ತಿಕೊಂಡಿತು.

ಮಾವ ಕುರ್ಚಿ ಬಿಟ್ಟು ಎದ್ದರು. ಗುಜರಿಯವನು ಯಂತ್ರದ ಮೇಲಿದ್ದ ಕೈ ಹಿಂದಕ್ಕೆ ತೆಗೆದುಕೊಂಡ. ಅತ್ತೆ ದೀಪ ನೋಡಿ, ಜನ ನೋಡಿ, ಕೊನೆಗೆ ಗಂಡನನ್ನು ನೋಡಿದರು. "ಇದನ್ನ ಯಾರೂ ಮುಟ್ಟಬ್ಯಾಡ್ರಿ. ಒಳ್ಳೆ ಗುಣದ್ದೈತೆ."

ಹೀಗೆ ಯಂತ್ರ ಉಳಿಯಿತು, ಸೊಂಟ ಹೋಯಿತು. ಈಗ ಅತ್ತೆ ಚನ್ನಗಿರಿಗೆ ಬಂದಾಗಲೆಲ್ಲ ಅದೇ ಗವಸು ಹಾಕಿಕೊಂಡು ಅದೇ ಹಾಡು ಆಡುತ್ತಾರೆ. ಮೊದಲು ನನ್ನ ಹೆಂಡತಿ ಅದೇ ಹತ್ತಿ ಗವಸಿನಲ್ಲಿ ಆಡುತ್ತಾಳೆ, ಸೋಲುತ್ತಾಳೆ. ಆಮೇಲೆ ನಾನು ಗಾಜು ಒರೆಸುವ ನೆಪದಲ್ಲಿ ಬಗ್ಗಿ ಅಂಚಿನುದ್ದಕ್ಕೂ ಹತ್ತಿ ಮೆತ್ತುತ್ತೇನೆ. ದೀಪ ಹತ್ತುತ್ತದೆ. ಮೊನ್ನೆ ಗವಸು ಬಿಚ್ಚುತ್ತಾ ಅತ್ತೆ ತಮ್ಮ ಮಗಳಿಗೆ ಸಮಾಧಾನ ಹೇಳಿದರು.

"ಬರೀ ಹತ್ತಿಯಿಂದ ಆಗಲ್ಲವ್ವಾ, ಕೈಯಾಗೂ ಇರಬೇಕು."

ಹೌದತ್ತೆ ಅಂದು, ಸೊಂಟ ಹಿಡಿದುಕೊಂಡು ಮೇಲೆದ್ದೆ.