ಉಂಬಳಕ್ಕೆ ಉಪ್ಪು

ಕೊಡಚಾದ್ರಿ ಕಾಡು ಸುತ್ತಿ, ಒಂದೇ ಒಂದು ಉಂಬಳಕ್ಕೂ ನನ್ನ ರಕ್ತದ ರುಚಿ ತೋರಿಸದೆ ತಲ್ಲೂರಿಗೆ ವಾಪಸಾಗುತ್ತೇನೆ! ಹೀಗೆಂದು ನಾನು ಘೋಷಿಸಿದ್ದು ಊಟದ ತಟ್ಟೆಯ ಮುಂದೆ. ಮೀನುಸಾರು ಹೊಟ್ಟೆಗಿಳಿದ ಮೇಲೆ ನನಗೆ ಧೈರ್ಯ ಸ್ವಲ್ಪ ಜಾಸ್ತಿ.

"ಕಚ್ಚಿರೆ?" ಎಂದಳು ಹೆಂಡತಿ ಸರಸ.

"ಕಚ್ಚಿರೆ ದೀಪಾವಳಿವರೆಗೆ ಮನೆ ಮೀನ್ ನಾನೇ ಕೊಯ್ತೆ!"

ನನ್ನದು ಒಣಮೀನಿನ ವ್ಯಾಪಾರ. ಲೋಡುಗಟ್ಟಲೆ ಮೀನು ಮಾರಿದ್ದೇನೆ. ಆದರೆ ಮನೆಯ ಮೆಟ್ಟುಕತ್ತಿಯ ಮಣೆಯನ್ನು ಕಾಲಲ್ಲಿ ಮೆಟ್ಟಿ ಹಿಡಿದು ಒಂದು ಬಂಗುಡೆ ಕೊಯ್ದವನಲ್ಲ. ಆ ಘನತೆಯನ್ನೇ ಪಣಕ್ಕಿಟ್ಟೆ ನೋಡಿ!

ಉಂಬಳವೆಂಬ ಕಾಡುಜಿಗಣೆಗೆ ಮದ್ದು ಉಪ್ಪು. ಸಾಕ್ಸಿನೊಳಗೆ ತುಂಬಿಕೊಂಡರೆ ಮುಗಿಯಿತು. ಸರಸ ಅಂಗಡಿಯಿಂದ ಹೊಸ ಪ್ಯಾಕೆಟ್ ತರಲು ಹೊರಟಳು. ತಡೆದೆ. ನನ್ನ ಶೆಡ್ಡಿನಲ್ಲಿ ಬಂಗುಡೆಗೆ ಹಾಕಿ ತೆಗೆದ ಉಪ್ಪು ಚೀಲಗಟ್ಟಲೆ ಬಿದ್ದಿರುವಾಗ ಹೊಸದೇಕೆ?

"ಹ್ವಾಯ್, ವಾಸ್ನಿ ಬತ್ತಿಲ್ಯಾ?"

"ಎಂತ ವಾಸ್ನಿ? ನಂಗೆ ಬತ್ತೇ ಇಲ್ಲೆ!"

ಬರುವುದಾದರೂ ಹೇಗೆ? ಹುಟ್ಟಿದಾಗಿನಿಂದ ನನ್ನ ಮೂಗಿಗೆ ಅದೇ ಗಾಳಿ.

ಅದೇ ಉಪ್ಪನ್ನು ಸಾಕ್ಸಿಗೆ ತುಂಬಿಕೊಂಡು ಹೊರಟೆ. ಕೊಲ್ಲೂರಿನಲ್ಲಿ ಸರಸ, "ಇನ್ನೊಂದಿನ ಒಳ್ಗೆ ಹೋಪ," ಎಂದು ಹೊರಗಿನಿಂದಲೇ ದೇವಿಗೆ ಕೈಮುಗಿದಳು. ಅವಳ ಮೂಗು ಸರಿಯಾಗಿಯೇ ಇತ್ತು. ಜೀಪು ಹತ್ತಿದೆವು. ಜೊತೆಗೆ ಹಣೆಗೆ ಕುಂಕುಮ ಇಟ್ಟು, ಕೈಯಲ್ಲಿ ಪ್ರಸಾದ ಹಿಡಿದ ದೂರದೂರಿನ ಒಂದು ಕುಟುಂಬ. ಮೊದಲ ತಿರುವು ದಾಟುವುದರೊಳಗೆ ಅವರೆಲ್ಲರ ಕರವಸ್ತ್ರ ಮೂಗಿಗೇರಿತು.

"ಯಾರೋ ಮೀನು ತಂದಿದಾರೆ ಕಣ್ರೀ," ಎಂದರು ಅವರಲ್ಲಿ ಹಿರಿಯರೊಬ್ಬರು.

"ಛೆ! ಕಾಡಿಗೆ ಬರುವವರಿಗೆ ಅಷ್ಟೂ ಸಂಸ್ಕಾರ ಬೇಡವೇ?" ಎಂದು ಗುಡುಗಿದವನು ಸಾಕ್ಷಾತ್ ನಾನೇ! ಬೆನ್ನಿಗೇ ಪರಿಸರ, ಪಾವಿತ್ರ್ಯ, ಸಹ್ಯಾದ್ರಿಯ ಶುದ್ಧ ಗಾಳಿ ಎಂದು ಭಾಷಣವನ್ನೂ ಬಿಗಿದೆ. ಸರಸ ನನ್ನ ಪರಿಚಯವೇ ಇಲ್ಲದವಳಂತೆ ಹೊರಗೆ ನೋಡುತ್ತಿದ್ದಳು.

ಬೈಂದೂರು ಕಡೆಯ ಡ್ರೈವರ್ ಐತ ಮಾತ್ರ ದೀರ್ಘವಾಗಿ ಉಸಿರೆಳೆದುಕೊಂಡ. "ಒಣ ಬಂಗ್ಡಿ ಅಲ್ದಾ? ಬೆಳಿಗ್ಗೆಯಿಂದ ಉಂಡಿಲ್ಲೆ ಮಾರಾಯ್ರೆ!"

ಜೀಪು ಇಳಿದರೆ ದಾರಿಯ ತುಂಬಾ ಉಂಬಳ! ಎಲ್ಲರೂ ಕಾಲು ಕೊಡವುತ್ತಾ ಕುಣಿಯುತ್ತಿದ್ದರೆ ನಾನು ದಿಗ್ವಿಜಯಕ್ಕೆ ಹೊರಟ ಮಹಾರಾಜ. ಮೇಲೆ ಚಹಾದ ಗೂಡಂಗಡಿಯ ಮುಂದೆ ಕುಳಿತವನೇ ಬಲಗಾಲಿನ ಶೂ ಕಿತ್ತೆಸೆದೆ.

"ಕಾಣ್ ಸರಸ, ಒಂದಾರೂ ಕಚ್ಚಿತ್ತಾ?"

ಉತ್ತರ ಬರುವ ಮೊದಲೇ ಗೂಡಿನ ಹಿಂದಿನಿಂದ ನಾಯಿಯೊಂದು ಬಂತು. ಸಾಕ್ಸನ್ನು ಒಮ್ಮೆ ಮೂಸಿತು. ಸರ್ರನೆ ಎಳೆದು, ಕಚ್ಚಿಕೊಂಡು ಕಾಡಿಗೆ ಓಡಿತು! ಚೆಲ್ಲಿದ ಉಪ್ಪಿನಲ್ಲಿ ಬಂಗುಡೆಯ ಒಂದು ಬಾಲವೂ ಇತ್ತು.

ಹಿರಿಯರು ಬಗ್ಗಿ ನೋಡಿದರು. "ಓಹೋ, ಸಂಸ್ಕಾರ ಇಲ್ಲಿತ್ತೋ!"

ನಾಯಿಯ ಹಿಂದೆಯೇ ನಾನೂ ಕಾಡಿಗೆ ಓಡಿದೆ. ಓಡಿದ್ದು ಸಾಕ್ಸಿಗಲ್ಲ, ಮುಖ ಮರೆಸಿಕೊಳ್ಳಲು! ನಾಚಿಕೆ ಸ್ವಲ್ಪ ಇಳಿದು ವಾಪಸು ಬಂದಾಗ ಬಲಗಾಲೇ ಕಾಣುತ್ತಿರಲಿಲ್ಲ, ಬರೀ ಉಂಬಳ. ಎಡಗಾಲು ಮಾತ್ರ ಉಪ್ಪಿನ ಕೋಟೆಯೊಳಗೆ ಕ್ಷೇಮವಾಗಿತ್ತು.

ಮನೆಗೆ ಬಂದವನೇ ವಾದ ಹೂಡಿದೆ. "ಉಪ್ಪ್ ಇದ್ದ ಕಾಲಿಗೆ ಒಂದೂ ಕಚ್ಲಿಲ್ಲೆ. ಎಡಗಾಲ್ ಗೆದ್ದಿತ್ತಲ್ದಾ?"

"ಹೌದ್, ಗೆದ್ದಿತ್," ಎಂದು ಒಪ್ಪಿಯೇಬಿಟ್ಟಳು ಸರಸ! ಒಳಗೆ ಹೋಗಿ ಮೆಟ್ಟುಕತ್ತಿಯನ್ನೂ ಬುಟ್ಟಿ ತುಂಬಾ ಬಂಗುಡೆಯನ್ನೂ ತಂದು ನನ್ನ ಮುಂದಿಟ್ಟಳು.

"ಗೆದ್ದ ಕಾಲ್ ಚಾಚಿ ಆರಾಮ ಕೂಕಣಿ. ಕತ್ತಿ ಮೆಟ್ಟುಕೆ ಸೋತ ಕಾಲ್ ಒಂದೇ ಸಾಕ್!"