ಇಪ್ಪತ್ತೊಂದು ಗೇರುಗಳ ಪೈಕಿ ಇಪ್ಪತ್ತರ ನಿವೃತ್ತಿ ಕುರಿತು

ಇಲಾಖೆ (ಹೆಸರು ಇನ್ನೂ ಮಂಜೂರಾಗಿರುವುದಿಲ್ಲ)
ಮೋಟಾರಿಲ್ಲದ ದ್ವಿಚಕ್ರ ಶಾಖೆ, ದೊಡ್ಡಬಳ್ಳಾಪುರ ತಾಲ್ಲೂಕು, ಬೆಂಗಳೂರು ಗ್ರಾಮಾಂತರ ಜಿಲ್ಲೆ

ಸಂಖ್ಯೆ: ಗೇ.ನಿ./21–20/ಚೈನು/ಹಾಲು
ದಿನಾಂಕ: ಆಯುಧಪೂಜೆ ಕಳೆದ ನಾಲ್ಕನೆಯ ಸೋಮವಾರ, ಬೆಳಗಿನ ಹಾಲು ಹಾಕಿ ಬಂದ ಮೇಲೆ

ಸುತ್ತೋಲೆ

ವಿಷಯ: ಶ್ರೀ ಆವಲಪ್ಪನವರ ಬೆಟ್ಟ ಹತ್ತುವ ಸೈಕಲ್ಲಿನ ಹೆಚ್ಚುವರಿ ಗೇರುಗಳನ್ನು ಸೇವೆಯಿಂದ ಬಿಡುಗಡೆ ಮಾಡಿ, ಒಂದೇ ಗೇರಿನಲ್ಲಿ ಆಡಳಿತ ನಡೆಸಲು ಅನುಮತಿ ನೀಡುವ ಬಗ್ಗೆ.

ಉಲ್ಲೇಖ:
1. ಶ್ರೀ ಆವಲಪ್ಪನವರು ಡೇರಿ ಜಗಲಿಯ ಮೇಲೆ ಕೂತು ಸಲ್ಲಿಸಿದ ಬಾಯಿಮಾತಿನ ಅರ್ಜಿ.
2. ಅವರ ಪತ್ನಿ ಶ್ರೀಮತಿ ಮುನಿಗಂಗಮ್ಮನವರು ಅಡುಗೆಮನೆಯಿಂದಲೇ ಕೂಗಿ ಸಲ್ಲಿಸಿದ ಆಕ್ಷೇಪಣೆ.
3. ಚೈನು ಬಿದ್ದ ದಿನಗಳ ಪಟ್ಟಿ (ಕೊಟ್ಟಿಗೆಯ ಗೋಡೆ, ಇದ್ದಿಲಿನಲ್ಲಿ).

ಪ್ರಸ್ತಾವನೆ:

ಮಾಕಳಿದುರ್ಗದ ಕಡೆಯ ಹಳ್ಳಿಯೊಂದರ ವಾಸಿ, ಎರಡು ಸೀಮೆಹಸುಗಳ ಯಜಮಾನರು, ಅರವತ್ತೆಂಟು ವರ್ಷದ ಆವಲಪ್ಪನವರು ನಲವತ್ತು ವರ್ಷಗಳಿಂದ ಸೈಕಲ್ಲಿಗೆ ಕ್ಯಾನು ಕಟ್ಟಿಕೊಂಡು ಡೇರಿಗೆ ಹಾಲು ಹಾಕುತ್ತಾ ಬಂದಿರುತ್ತಾರೆ. ಅವರ ಹಳೆಯ ಸೈಕಲ್ಲಿನಲ್ಲಿ ಗೇರು ಎಂಬ ವಸ್ತು ಇರಲಿಲ್ಲ. ಅದರ ಚೈನು ನಲವತ್ತು ವರ್ಷಗಳಲ್ಲಿ ನಾಲ್ಕು ಸಲ ಬಿದ್ದಿದ್ದು, ನಾಲ್ಕು ಸಲವೂ ಯಾವ ಮರದ ಕೆಳಗೆ ಬಿತ್ತು, ಎದುರಿಗೆ ಯಾರು ಬಂದರು, ಬಂದವರು ನಿಂತರೋ ಹಾಗೇ ಹೋದರೋ ಎಂಬುದನ್ನು ಅವರು ಈಗಲೂ ಹೇಳಬಲ್ಲರು. ಇಲಾಖೆಯು ಕೇಳಿದೆ, ಒಂದು ಮಧ್ಯಾಹ್ನ ಹಿಡಿಯಿತು.

ಆ ಸೈಕಲ್ಲಿನ ಚಾಸಿಯು ಈ ವರ್ಷ ಮುರಿಯಲಾಗಿ, ದಾಬಸ್‌ಪೇಟೆಯ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುವ ಮಗಳು ಪ್ರಮೋದಾ ತನಗೆ ಬಂದಿದ್ದ ಬಹುಮಾನದ ಸೈಕಲ್ಲನ್ನು ಅಪ್ಪನಿಗೆ ತಂದುಕೊಟ್ಟಿರುತ್ತಾಳೆ. ಮೂರು ವರ್ಷ ಒಂದು ದಿನವೂ ತಪ್ಪದೆ ಹಾಜರಾದುದಕ್ಕೆ ಕಾರ್ಖಾನೆಯು ಇಡೀ ಲೈನಿನಲ್ಲಿ ಅವಳೊಬ್ಬಳಿಗೇ ನೀಡಿದ ಬಹುಮಾನವದು. ಹಸಿರು ಬಣ್ಣ, ದಪ್ಪ ಟೈರು, ಚಾಸಿಯ ಮೇಲೆ ‘21’ ಎಂಬ ಹೊಳೆಯುವ ಚೀಟಿ. “ಅಪ್ಪಾ, ಇನ್ಮೇಲೆ ದಿಬ್ಬದಲ್ಲಿ ತಳ್ಕೊಂಡು ಹೋಗ್ಬೇಡ. ಗೇರ್ ಹಾಕ್ಕೊಂಡು ಕೂತ್ಕೊಂಡೇ ಹತ್ತು” ಎಂದು ಸದರಿ ಮಗಳು ಹೇಳಿದ್ದು ದಾಖಲಾಗಿದೆ.

ಗೇರು ಹಾಕಿದಾಗಲೆಲ್ಲ ಚೈನು ಬಿದ್ದಿರುತ್ತದೆ. ಅದೂ ರೈಲ್ವೆ ಗೇಟಿನ ದಿಬ್ಬದ ನಡುಮಧ್ಯದಲ್ಲಿ. ಡೇರಿಯ ಬಾಗಿಲು ಏಳಕ್ಕೆ ಮುಚ್ಚುವುದರಿಂದ ಆರು ದಿನ ಹಾಲು ವಾಪಸು ಬಂದಿದ್ದು, ಡೇರಿಯಲ್ಲಿ ಹಾಲು ಅಳೆಯುವ ಸೊಣ್ಣಪ್ಪ ಎಂಬುವರು “ಏನ್ ಆವಲಣ್ಣ, ಇಪ್ಪತ್ತೊಂದು ಗೇರಾಕಿದ್ರೂ ಕೋಳಿ ಮೊದಲು ಬಂತು, ನೀನು ಆಮೇಲೆ ಬಂದೆ” ಎಂದು ಹತ್ತು ಜನರ ಮುಂದೆ ನುಡಿದಿರುತ್ತಾರೆ. ಆವಲಪ್ಪನವರು ಮಸಿಯಾದ ಕೈಯನ್ನು ಪಂಚೆಗೆ ಒರೆಸಿಕೊಂಡಿರುತ್ತಾರೆ. ಆ ಪಂಚೆಯ ಬಗ್ಗೆ ಮುನಿಗಂಗಮ್ಮನವರ ಪ್ರತ್ಯೇಕ ದೂರು ಇದೆ.

ಇಷ್ಟರಲ್ಲಿ ಆಯುಧಪೂಜೆ ಬಂದಿತು. ಮುನಿಗಂಗಮ್ಮನವರು “ಒಂದಕ್ಕಿಟ್ಟು ಒಂದಕ್ಕೆ ಬಿಟ್ರೆ ಬಿಟ್ಟಿದ್ದು ಮುನಿಸ್ಕೊಳ್ತದೆ” ಎಂದು, ಚೀಟಿಯಲ್ಲಿದ್ದ ಲೆಕ್ಕಕ್ಕೆ ಸರಿಯಾಗಿ ಎಣಿಸಿ ಇಪ್ಪತ್ತೊಂದು ಕಡೆ ಅರಿಶಿನ ಕುಂಕುಮ ಇಟ್ಟು, ವಿಭೂತಿ ಬಳಿದು, ಗೇರು ಬದಲಿಸುವ ಹಿಡಿಕೆಯ ಒಳಗೂ ದೇವರಿದ್ದಾನೆಂದು ಅದರ ಸಂದಿಗೆ ಎಳನೀರು ಹುಯ್ದಿರುತ್ತಾರೆ. ನಾಲ್ಕನೆಯ ದಿನಕ್ಕೆ ಹಿಡಿಕೆಗಳು ಗಾರೆ ಹಾಕಿದಂತೆ ಗಟ್ಟಿಯಾಗಿ, ಚೈನು ಮುಂದಿನ ನಡುಚಕ್ರ ಮತ್ತು ಹಿಂದಿನ ನಾಲ್ಕನೆಯ ಚಕ್ರದ ಮೇಲೆ ಕೂತು, ಮತ್ತೆ ಅಲ್ಲಾಡಲಿಲ್ಲ. ಆ ದಿನದಿಂದ ಚೈನು ಬಿದ್ದಿರುವುದಿಲ್ಲ. ಆವಲಪ್ಪನವರು ಐದೂಮುಕ್ಕಾಲಕ್ಕೇ ಡೇರಿ ಮುಟ್ಟಿ, ಸೊಣ್ಣಪ್ಪನವರು ಬಾಗಿಲು ತೆಗೆಯುವುದನ್ನು ಕಾಯ್ದಿರುತ್ತಾರೆ.

ಒಂದೇ ಸಾಕೆಂದು ಖಚಿತವಾದ ಮೇಲೆ, ದೊಡ್ಡಬಳ್ಳಾಪುರದ ಸೈಕಲ್ ಷಾಪಿನ ವೆಂಕಟರಮಣಪ್ಪನವರಲ್ಲಿ ಮಿಕ್ಕಿದ್ದನ್ನೆಲ್ಲ ಬಿಚ್ಚಿಸಲಾಯಿತು. ಬಿಚ್ಚಿದಾಗ ಇಲಾಖೆಯ ಇತಿಹಾಸದಲ್ಲೇ ದೊಡ್ಡದಾದ ನ್ಯೂನತೆಯೊಂದು ಬೆಳಕಿಗೆ ಬಂದಿರುತ್ತದೆ. ಚೀಟಿಯ ಪ್ರಕಾರ ಗೇರು ಇಪ್ಪತ್ತೊಂದು. ಕೈಗೆ ಸಿಕ್ಕ ಹಲ್ಲುಚಕ್ರಗಳು ಮುಂದೆ ಮೂರು, ಹಿಂದೆ ಏಳು, ಒಟ್ಟು ಹತ್ತು. ಷಾಪಿನಲ್ಲಿ ಕೇಳೋಣವೆಂದರೆ, ಮಗಳು ಕೊಟ್ಟ ವಸ್ತುವನ್ನು ಕಳೆದೆನೆಂದು ನಾಲ್ಕು ಜನರೆದುರು ಹೇಗೆ ಹೇಳುವುದು? ಆವಲಪ್ಪನವರು ಮುಂದಿನ ನಡುಚಕ್ರವೊಂದನ್ನು ಸೈಕಲ್ಲಿನಲ್ಲೇ ಉಳಿಸಿ, ಮಿಕ್ಕ ಒಂಬತ್ತನ್ನೂ ಚೀಲಕ್ಕೆ ಹಾಕಿಕೊಂಡು ಬಂದರು. ಮಾರನೆಯ ದಿನದಿಂದ ಹಾಲು ಹಾಕಿ ಬರುವಾಗ ಸೈಕಲ್ಲಿನಿಂದ ಇಳಿದು, ರೈಲ್ವೆ ಗೇಟಿನಿಂದ ಮನೆಯವರೆಗೆ ಪ್ರತಿ ಲಂಟಾನದ ಪೊದೆಯನ್ನೂ ಕೋಲಿನಿಂದ ಸರಿಸಿ, ಉಳಿದ ಹನ್ನೊಂದು ಗೇರುಗಳನ್ನು ಹುಡುಕುತ್ತಾ ನಡೆದಿರುತ್ತಾರೆ. ಸಿಕ್ಕಿದ್ದು: ಒಂದು ಲಾಳ, ಅರ್ಧ ಚಪ್ಪಲಿ, ಹೋದ ವರ್ಷ ಕಳೆದಿದ್ದ ಅವರದೇ ಕುಡುಗೋಲು.

ಭಾನುವಾರ ಪ್ರಮೋದಾ ಊರಿಗೆ ಬರುವವಳಿದ್ದಳು. ಆದ್ದರಿಂದ ಈ ಕೆಳಕಂಡಂತೆ ತುರ್ತಾಗಿ ಆದೇಶಿಸಲಾಗಿತ್ತು, ಈಗ ಸ್ಥಿರೀಕರಿಸಲಾಗಿದೆ:

1. ಬೆಳಗಿನ ಹಾಲಿಗೆ ಒಂದು ಗೇರು ಸಾಕಾಗಿರುವುದರಿಂದ ಉಳಿದ ಇಪ್ಪತ್ತು ಹುದ್ದೆಗಳನ್ನು ಹೆಚ್ಚುವರಿಯೆಂದು ಘೋಷಿಸಿ ರದ್ದುಪಡಿಸಲಾಗಿದೆ. ಇವುಗಳಲ್ಲಿ ಹದಿನೇಳು ಗೇರುಗಳು ಸೇವಾವಧಿಯಲ್ಲಿ ಒಮ್ಮೆಯೂ ಕೆಲಸಕ್ಕೆ ಬಂದಿರುವುದಿಲ್ಲವಾದರೂ ಸನ್ಮಾನಕ್ಕೆ ಅಡ್ಡಿಯಿರುವುದಿಲ್ಲ.

2. ನಿವೃತ್ತ ಚಕ್ರಗಳನ್ನು ಈ ಮುಂದಿನ ಸ್ಥಳಗಳಿಗೆ ನಿಯುಕ್ತಿಗೊಳಿಸಲಾಗಿದೆ. ಮುಂದಿನ ದೊಡ್ಡ ಚಕ್ರ: ಮುನಿಗಂಗಮ್ಮನವರ ಅಡುಗೆಮನೆಯಲ್ಲಿ, ಸಾರಿನ ಪಾತ್ರೆಯ ಕೆಳಗೆ. ಹಿಂದಿನ ದೊಡ್ಡ ಚಕ್ರ: ದೃಷ್ಟಿ ತಾಗದಂತೆ ಬಾಗಿಲ ಮೇಲೆ, ನಿಂಬೆಹಣ್ಣು ಮೆಣಸಿನಕಾಯಿಯ ಜೊತೆ. ಗೇರಿನ ತಂತಿ: ಸೋರೆಬಳ್ಳಿಯ ಚಪ್ಪರಕ್ಕೆ. ಉಳಿದವು ಹುಲ್ಲಿನ ಬಣವೆಯ ಹಿಂದೆ ಗೋಣಿಚೀಲದಲ್ಲಿ ಮುಂದಿನ ಆದೇಶ ಕಾಯತಕ್ಕದ್ದು.

3. ಹಿಂದಿನ ಏಳು ಚಕ್ರಗಳ ಜಾಗದಲ್ಲಿ ಒಂದೇ ಹಲ್ಲುಚಕ್ರದ ಹೊಸ ಫ್ರೀವೀಲನ್ನು ಕೂರಿಸುವಾಗ ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ದಾರ ಹಿಡಿದು ನೇರ ನೋಡತಕ್ಕದ್ದು. ಆವಲಪ್ಪನವರು ಮನೆಯ ಪಾಯಕ್ಕೆ ಹಿಡಿದಿದ್ದ ದಾರವನ್ನೇ ಇದಕ್ಕೂ ಹಿಡಿದಿರುತ್ತಾರೆ. ಮನೆ ಇಂದಿಗೂ ವಾಲಿರುವುದಿಲ್ಲ ಎಂಬುದನ್ನು ಗಮನಿಸಲಾಗಿದೆ.

4. ಒಂದೆರಡು ಕೊಂಡಿ ಕಳಚಿ ಗಿಡ್ಡ ಮಾಡಿದ ಮೇಲೂ ಚೈನು ಸಡಿಲವಾಗಿ ಜೋತು ಬಿದ್ದುದರಿಂದ, ಹಿಂದೆ ಚೈನನ್ನು ಒಂದು ಚಕ್ರದಿಂದ ಇನ್ನೊಂದಕ್ಕೆ ತಳ್ಳುತ್ತಿದ್ದ ತೋಳನ್ನು ನಿವೃತ್ತಿಯಾದ ಎರಡೇ ಗಂಟೆಯಲ್ಲಿ ವಾಪಸು ಕರೆಸಿ, ಗುತ್ತಿಗೆ ಆಧಾರದ ಮೇಲೆ ಮರುನೇಮಕ ಮಾಡಲಾಗಿದೆ. ಸದರಿ ತೋಳು ಚೈನನ್ನು ಬಿಗಿಯಾಗಿ ಹಿಡಿದು ನಿಲ್ಲತಕ್ಕದ್ದು. ಗೇರು ಬದಲಿಸುವ ಅಧಿಕಾರವಾಗಲಿ, ಆಸೆಯಾಗಲಿ ಇಟ್ಟುಕೊಳ್ಳತಕ್ಕದ್ದಲ್ಲ.

5. ದಿಬ್ಬ ಬಂದಾಗ ಗೇರುಗಳ ಕೆಲಸವನ್ನು ಸವಾರರೇ ವಹಿಸಿಕೊಳ್ಳತಕ್ಕದ್ದು. ಕೂತು ತುಳಿಯುವುದನ್ನು ಮೊದಲನೆಯ ಗೇರೆಂದೂ, ಎದ್ದು ತುಳಿಯುವುದನ್ನು ಎರಡನೆಯದೆಂದೂ, ಇಳಿದು ತಳ್ಳುವುದನ್ನು ಮೂರನೆಯದೆಂದೂ, ಹೊಂಗೆ ಮರದ ಕೆಳಗೆ ಕೂತು ಎಲೆಅಡಿಕೆ ಹಾಕುವುದನ್ನು ನಾಲ್ಕನೆಯದೆಂದೂ ಪರಿಗಣಿಸಲಾಗುವುದು. ಮಾಕಳಿದುರ್ಗ ಹತ್ತಲು ಬಂದವರ ಕೈಯಲ್ಲಿ ತಳ್ಳಿಸುವುದು ಐದನೆಯ ಗೇರಾಗಿದ್ದು, ಭಾನುವಾರ ಮಾತ್ರ ಲಭ್ಯ.

6. ಹೆಲ್ಮೆಟ್ಟು ಧರಿಸಿ ಹಿಂದಿನಿಂದ ಬಂದು “ಅಂಕಲ್, ಗೇರ್ ಚೇಂಜ್ ಮಾಡಿ” ಎನ್ನುವ ಸವಾರರಿಗೆ “ಆಯ್ತಪ್ಪಾ” ಎಂದಷ್ಟೇ ಹೇಳತಕ್ಕದ್ದು. ಮುಂದೆ ಗೇಟು ಹಾಕಿರುತ್ತದೆ. ಎಲ್ಲರೂ ಅಲ್ಲೇ ಸಿಗುತ್ತಾರೆ.

7. ಗೇರು ಒತ್ತುತ್ತಿದ್ದ ಬಲಗೈ ಹೆಬ್ಬೆರಳಿಗೆ ಸದ್ಯ ಕೆಲಸವಿರುವುದಿಲ್ಲ. ಅದು ಅಭ್ಯಾಸಬಲದಿಂದ ಊಟದ ತಟ್ಟೆಯ ಅಂಚನ್ನೂ ಹಸುವಿನ ಕೊಂಬನ್ನೂ ಒತ್ತುತ್ತಿರುವುದು ಕಂಡುಬಂದಿದೆ. ತೊಂಬತ್ತು ದಿನಗಳ ಮಟ್ಟಿಗೆ ಕ್ಷಮಿಸಲಾಗಿದೆ. ಹಸುವು ಕ್ಷಮಿಸಿರುವುದಿಲ್ಲ.

8. ಕಾಣೆಯಾದ ಹನ್ನೊಂದು ಗೇರುಗಳು ಮುಂದೆಂದಾದರೂ ಮಣ್ಣಿನಲ್ಲಿ ಸಿಕ್ಕರೆ ಅವು ಹಾಲಿನ ಸೈಕಲ್ಲಿಗೆ ಸೇರಿದವು. ರಾಜಘಟ್ಟದಲ್ಲಿ ನೆಲ ಅಗೆದು ಪುರಾತನ ಅವಶೇಷ ಹುಡುಕಿದವರು ಯಾರೂ ಸಣ್ಣ ಬ್ರಷ್ಷು ಹಿಡಿದು ಬರತಕ್ಕದ್ದಲ್ಲ.

9. ಭಾನುವಾರದ ವಿಚಾರಣೆ: ಪ್ರಮೋದಾ ಬರುವ ಹೊತ್ತಿಗೆ ಆವಲಪ್ಪನವರು ಸೈಕಲ್ಲಿಗೆ ಕಂಬಳಿ ಹೊದಿಸಿ, ಕಂಬಳಿಯ ಮುಂದೆ ಹಸುವನ್ನು ಕಟ್ಟಿ, ಹಸುವಿನ ಮುಂದೆ ತಾವು ನಿಂತಿರುತ್ತಾರೆ. ಇಷ್ಟೆಲ್ಲ ಬಂದೋಬಸ್ತು ಮಾಡಿದ ಮೇಲೆ, ಮುನಿಗಂಗಮ್ಮನವರು ಊಟಕ್ಕೆ ಬಡಿಸಲು ಸಾರಿನ ಪಾತ್ರೆ ಎತ್ತಿರುತ್ತಾರೆ. ನಂತರದ ಹೇಳಿಕೆಗಳನ್ನು ಇದ್ದಂತೆಯೇ ದಾಖಲಿಸಲಾಗಿದೆ.

ಪ್ರಮೋದಾ: “ಅಮ್ಮಾ, ಇದು ಗೇರಲ್ವಾ?”

ಮುನಿಗಂಗಮ್ಮ: “ನನ್ನ ಕೇಳ್ಬೇಡ. ನಿಮ್ಮಪ್ಪನ್ನ ಕೇಳು. ನಾನು ಪೂಜೆ ಮಾಡ್ದೆ, ಅಷ್ಟೆ.”

ಆವಲಪ್ಪನವರು ಎದ್ದು ಹೋಗಿ ಗೋಣಿಚೀಲ ತಂದು ಮಗಳ ಮುಂದೆ ಸುರಿದು, ಬಾಗಿಲ ಮೇಲಿನದನ್ನೂ ಇಳಿಸಿ, ಸೈಕಲ್ಲಿನಲ್ಲೇ ಉಳಿದಿರುವ ಒಂದನ್ನೂ ಸೇರಿಸಿ ಲೆಕ್ಕ ಒಪ್ಪಿಸಿದರು: “ಹತ್ತೇ ಸಿಕ್ಕಿದ್ದು ಕಣವ್ವಾ. ಇನ್ನು ಹನ್ನೊಂದು ಎಲ್ಲಿ ಬಿದ್ದೋದವೋ ಕಾಣೆ. ಹದಿನೈದು ದಿನದಿಂದ ಹುಡುಕ್ತಾ ಇವ್ನಿ. ನೀನು ಕಷ್ಟ ಬಿದ್ದು ಗೆದ್ದಿದ್ದು. ನಂಗೆ ಇಟ್ಕೊಳ್ಳಕ್ಕೆ ಬರ್ಲಿಲ್ಲ.”

ಮಗಳು ಬಹಳ ಹೊತ್ತು ಬಾಯಿಗೆ ಸೆರಗು ಅಡ್ಡ ಹಿಡಿದಿದ್ದಳು. ಅಳುತ್ತಿದ್ದಾಳೆಂದು ಇಲಾಖೆಯೂ ಭಾವಿಸಿತ್ತು.

“ಅಪ್ಪಾ, ಕಳೆದಿಲ್ಲ ಕಣಪ್ಪಾ. ಇರೋದೇ ಹತ್ತು. ಮುಂದಿನ ಮೂರರಲ್ಲಿ ಒಂದಕ್ಕೆ ಹಿಂದಿನ ಏಳರಲ್ಲಿ ಒಂದನ್ನ ಜೋಡಿಸೋದು. ಮೂರೇಳಲ ಇಪ್ಪತ್ತೊಂದು. ಈಗ ನಿಂಗೆ ಮೂರು ಪಂಚೆ, ಏಳು ಅಂಗಿ ಐತೆ ಅಂತಿಟ್ಕೋ. ಎಷ್ಟು ಥರ ಹಾಕ್ಕೊಬೋದು?”

ಆವಲಪ್ಪನವರು ಯೋಚಿಸಿ, “ಒಂದೇ ಥರ. ಎಲ್ಲಾ ಬಿಳಿ” ಎಂದರು.

ಈ ಉತ್ತರವನ್ನು ಇಲಾಖೆಯು ತಾಂತ್ರಿಕವಾಗಿ ಅಂಗೀಕರಿಸಿದೆ. ಮುನಿಗಂಗಮ್ಮನವರು ಒಂದು ಪಂಚೆ ಮಸಿಯಿಂದ ಕಪ್ಪಾಗಿದೆಯೆಂದು ತಿದ್ದುಪಡಿ ಸೂಚಿಸಿದ್ದಾರೆ.

10. ಸ್ಥಳ ಪರಿಶೀಲನೆ: ಅದೇ ದಿನ ಸಾಯಂಕಾಲದ ಹಾಲನ್ನು ಪ್ರಮೋದಾಳೇ ಕಟ್ಟಿಕೊಂಡು ಹೋಗಿ, ರೈಲ್ವೆ ಗೇಟಿನ ದಿಬ್ಬವನ್ನು ಎರಡನೆಯ ಗೇರಿನಲ್ಲಿ, ಅಂದರೆ ಎದ್ದು ತುಳಿದು, ಹತ್ತಿರುತ್ತಾಳೆ. ಚೈನು ಬಿದ್ದಿರುವುದಿಲ್ಲ. ಹಿಂದೆ ಓಡುತ್ತಾ ಬಂದ ಆವಲಪ್ಪನವರ ಚಪ್ಪಲಿ ಬಿದ್ದಿದೆ. ಪೊದೆಯಲ್ಲಿ ಸಿಕ್ಕಿದ್ದ ಅರ್ಧ ಚಪ್ಪಲಿಗೆ ಅದು ಜೋಡಿಯಾಗುವುದಿಲ್ಲ. ಸೊಣ್ಣಪ್ಪನವರು “ಮಗಳಿಗೆ ಗೇರು ಹಾಕಕ್ಕೆ ಬರ್ತದೆ ನೋಡು” ಎಂದಾಗ, ಗೇರೇ ಇಲ್ಲವೆಂದು ತಿಳಿಸುವ ಅವಕಾಶವನ್ನು ತಂದೆ ಮಗಳು ಇಬ್ಬರೂ ಬೇಕೆಂದೇ ಬಿಟ್ಟುಕೊಟ್ಟಿರುತ್ತಾರೆ.

11. ವಾಪಸು ಬರುವಾಗ, ಬೇಜಾರಾಯಿತೇ ಎಂದು ಆವಲಪ್ಪನವರು ಕೇಳಿದ್ದಕ್ಕೆ ಮಗಳು ನೀಡಿದ ಉತ್ತರವನ್ನು ಈ ಪ್ರಕರಣದ ಅಂತಿಮ ತೀರ್ಪೆಂದು ಪರಿಗಣಿಸಲಾಗಿದೆ: “ಬೇಜಾರೇನಪ್ಪಾ? ಮೂರು ವರ್ಷ ಅದೇ ಬಸ್ಸು, ಅದೇ ಹೊತ್ತು, ಒಂದಿನ ತಪ್ಪಿಸ್ಲಿಲ್ಲ ಅಂತ ತಾನೆ ಇದನ್ನ ಕೊಟ್ಟಿದ್ದು. ನೀನು ನಲವತ್ತು ವರ್ಷ ಹಂಗೇ ಹೋಗಿದ್ದೀಯ. ನಿಂಗೆ ಬರ್ಬೇಕಾಗಿದ್ದ ಸೈಕಲ್ಲು, ನನ್ನ ಕೈಲಿ ಕಳಿಸವ್ರೆ.”

ಆವಲಪ್ಪನವರು ಸೈಕಲ್ಲಿನ ಬೆಲ್ಲು ಎರಡು ಸಲ ಹೊಡೆದಿರುತ್ತಾರೆ. ಎದುರಿಗೆ ಯಾರೂ ಬರುತ್ತಿರಲಿಲ್ಲ.

12. ಚಾಸಿಯ ಮೇಲಿನ ‘21’ ಚೀಟಿಯನ್ನು ಯಾರೂ ಕೀಳತಕ್ಕದ್ದಲ್ಲ. ಪ್ರತಿ ಆಯುಧಪೂಜೆಗೆ ಅದಕ್ಕೂ ಕುಂಕುಮ ಇಡತಕ್ಕದ್ದು. ಎಳನೀರನ್ನು ಕುಡಿಯತಕ್ಕದ್ದು.

(ಸಹಿ ಇದೆ, ಬೆರಳಿನ ಮಸಿಯಿಂದಾಗಿ ಓದಲಾಗುತ್ತಿಲ್ಲ)
ಪ್ರಭಾರ ಅಧಿಕಾರಿ, ಗೇರು ನಿವೃತ್ತಿ ವಿಭಾಗ
(ಸ್ವತಃ ನಿವೃತ್ತಿಯ ಅಂಚಿನಲ್ಲಿರುವವರು)

ಪ್ರತಿಗಳು:
1. ಶ್ರೀ ಆವಲಪ್ಪನವರಿಗೆ, ಓದಿ ಹೇಳಲು ಪ್ರಮೋದಾ ಮೂಲಕ.
2. ಶ್ರೀ ವೆಂಕಟರಮಣಪ್ಪ, ಸೈಕಲ್ ಷಾಪು: ಹನ್ನೊಂದು ಗೇರು ಕದ್ದಿರಬಹುದೆಂಬ ಅನುಮಾನವನ್ನು ಹಿಂಪಡೆಯಲಾಗಿದೆ. ಅನುಮಾನವಿತ್ತೆಂಬುದನ್ನು ಅವರಿಗೆ ತಿಳಿಸತಕ್ಕದ್ದಲ್ಲ.
3. ಶ್ರೀ ಸೊಣ್ಣಪ್ಪ, ಡೇರಿ: ಖಾಲಿ ಹಾಳೆ ಮಾತ್ರ.
4. ಮರುನೇಮಕಗೊಂಡ ತೋಳಿಗೆ, ಎಣ್ಣೆ ಬಿಡುವಾಗ.
5. ಹಸುವಿಗೆ, ಕ್ಷಮೆ ಕೋರಿ.
6. ಹನ್ನೊಂದು ಗೇರುಗಳಿಗೆ: ತಾವು ಹುಟ್ಟಿಯೇ ಇರುವುದಿಲ್ಲವಾದ್ದರಿಂದ ಈ ಪ್ರತಿಯನ್ನು ರೈಲ್ವೆ ಗೇಟಿನ ಬಳಿಯ ಲಂಟಾನದ ಪೊದೆಗೆ ಅಂಟಿಸಲಾಗಿದೆ.